ಅಪ್ಪ ಇಟ್ಟ ಕಲ್ಲುಗಳು

ಗ್ಲಾನ್‌ಡೂ, ಮೇಯೊ
ಮಾರ್ಚ್ ೧೪, ಗುರುವಾರ

ಪ್ರೀತಿಯ ಡರ್ವ್ಲಾ,

ನಾವು ಕ್ಷೇಮ ಎಂದು ಬರೆಯಹೊರಟಿದ್ದೆ. ಆ ‘ನಾವು’ ಇನ್ನೂ ಕೈಯಿಂದ ಹೋಗಿಲ್ಲ. ನಾನು ಕ್ಷೇಮ. ನಿನ್ನೆ ಎರಡು ಸಲ ಫೋನ್ ಮಾಡಿ ಗಾಳಿ, ಮಳೆ, ಮಗುವಿನ ಹಲ್ಲು ಅಂತ ಮಾತಾಡಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಬಿಟ್ಟು ಬೇರೆಲ್ಲ ಹೇಳುತ್ತೇನೆ. ಅದಕ್ಕೇ ಈ ಕಾಗದ.

ಸೋಮವಾರ ನಿಮ್ಮ ಹೊಸ ಮನೆಯ ಅಡಿಪಾಯಕ್ಕೆ ಕಾಂಕ್ರೀಟ್ ಸುರಿಸಬೇಡಿ. ಅಳಿಯ ಕಾಲ್ಮನ್‌ಗೂ ಹೇಳು.

ಹಿತ್ತಲಾಚೆ ಜೌಗಿನಲ್ಲಿ ಹಲಗೆಯ ಮೇಲೆ ನಿಂತಿರುವ ಲೋಹದ ಪೆಟ್ಟಿಗೆ ನಿನಗೆ ಗೊತ್ತಲ್ಲ. ಮೇಲೆ ಹಾದುಹೋಗುವ ಉಪಗ್ರಹ ಅದಕ್ಕೆ ರೇಡಾರ್ ಅಲೆ ಬಿಡುತ್ತದೆ. ತಿರುಗಿ ಬಂದದ್ದನ್ನು ನೋಡಿ ನೆಲ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಹೇಳುತ್ತದೆ. ನೀರು ತುಂಬಿದ ಜೌಗು ಉಸಿರಾಡಿದಂತೆ ಏರಿಳಿಯುತ್ತದಂತೆ. ಕಾಲುವೆ ತೋಡಿ ಕೆಟ್ಟ ಜೌಗು ಇಳಿಯುತ್ತಲೇ ಹೋಗುತ್ತದಂತೆ. ಜೌಗು ನೋಡಿಕೊಳ್ಳುವ ಆಫೀಸಿನ ಗಾರ್ಮ್ಲಿ ನಿನ್ನಪ್ಪನಿಗೆ ಒಪ್ಪಿಸಿದ್ದು ಒಂದೇ ಕೆಲಸ: ಕುರಿ ಹಿಕ್ಕೆ, ಮಳೆನೀರು ಒರೆಸುವುದು.

“ಒರೆಸಿ ಬಂದ್ಬಿಡಿ ಫೆಸ್ಟಸ್. ಬೇರೇನೂ ಮುಟ್ಬೇಡಿ.”

“ಮುಟ್ಟಲ್ಲ ತಾಯಿ. ನಾನೇನು ಎಳೆ ಮಗುನಾ?”

ಆದರೆ ನಲವತ್ತು ವರ್ಷ ಕಲ್ಲುಗೋಡೆ ಕಟ್ಟಿದ ಕಣ್ಣು ಅದು. ಅಡುಗೆಮನೆ ಕಿಟಕಿಯಿಂದ ನೋಡಿದರೆ ಪೆಟ್ಟಿಗೆಯ ಮೇಲಂಚು ಆಚೆಯ ಗೋಡೆಯ ಮೇಲಂಚಿಗೆ ಸರಿಯಾಗಿ ಕೂಡಬೇಕು. ಆ ಗೋಡೆ ಬಂಡೆಯ ಮೇಲಿದೆ, ಅಲುಗುವುದಿಲ್ಲ. ಪೆಟ್ಟಿಗೆ ಬೆರಳಷ್ಟು ತಗ್ಗಿದರೂ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. ಚರ್ಚಿನಿಂದ ಬಂದವರೇ ರಸಮಟ್ಟ ಹಿಡಿದು ಹೋಗಿ ಹಲಗೆಯ ಕೆಳಗೊಂದು ಚಪ್ಪಟೆ ಕಲ್ಲು ಸೇರಿಸುತ್ತಿದ್ದರು. ಮೊನ್ನೆ ಮಂಗಳವಾರ ಹುಲ್ಲು ಕೀಳಲು ಹೋದಾಗ ನೋಡಿದೆ. ಮೂರು ವರ್ಷಕ್ಕೆ ಏಳು ಕಲ್ಲು.

ಜೌಗು ಕುಸಿಯುತ್ತಿತ್ತು, ಅವರು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುತ್ತಿದ್ದರು. ಉಪಗ್ರಹಕ್ಕೆ ಕಂಡದ್ದು ಆ ಪೆಟ್ಟಿಗೆ ಮಾತ್ರ.

ಅಕ್ಟೋಬರಿನಲ್ಲಿ ಅವರನ್ನು ಮಣ್ಣು ಮಾಡಿ ಬಂದ ದಿನ ಗಾರ್ಮ್ಲಿ ನನ್ನ ಕೈ ಹಿಡಿದು, “ನಿಮ್ಮೆಜಮಾನ್ರು ಕಾಯ್ದ ಜೌಗಿನಷ್ಟು ಗಟ್ಟಿ ಇನ್ನೊಂದಿಲ್ಲ ಕಣ್ರೀ ಅಟ್ರಾಕ್ಟಾ, ಒಂದಿಂಚೂ ಇಳಿದಿಲ್ಲ” ಅಂದಳು. ಪಕ್ಕದಲ್ಲಿ ನೀನೂ ಇದ್ದೆ. ಅಲ್ಲಿಯವರೆಗೆ ಅಳುತ್ತಿದ್ದ ನೀನು ಆಗ ಮೊದಲ ಸಲ ನಕ್ಕೆ. ಉಪಗ್ರಹದ ಆ ಅಳತೆಯ ನಕ್ಷೆ ತೋರಿಸಿಯೇ ನಿಮಗೆ ಈ ಜೌಗಿನ ಇಳಿಜಾರಿನ ಬುಡದಲ್ಲಿ ಮನೆಗೆ ಅನುಮತಿ ಸಿಕ್ಕಿದ್ದು.

ಮೇಲೆ, ನೀರು ಬಸಿಯಲು ತೋಡಿದ ಹಳೆಯ ಕಾಲುವೆಗಳ ಹತ್ತಿರ, ಜೌಗು ಬಿರುಕು ಬಿಟ್ಟಿದೆ. ಊರುಗೋಲು ಹಿಡಿಕೆಯವರೆಗೂ ಒಳಗೆ ಹೋಯಿತು. ನನ್ನಪ್ಪನ ಕಾಲದಲ್ಲಿ ಆಚೆ ಬೆಟ್ಟದ ಜೌಗು ಜಾರಿ ಬಂದು ಒಂದು ಮನೆಯನ್ನು ಕೊಟ್ಟಿಗೆ ಸಮೇತ ಹೊತ್ತೊಯ್ದಿತ್ತು.

ಮಂಗಳವಾರದಿಂದ ಈ ಕಿಟಕಿಯ ಮುಂದೆಯೇ ಕೂತಿದ್ದೇನೆ. ಕಲ್ಲು ತೆಗೆದರೆ ಒಂದೇ ದಿನದಲ್ಲಿ ನಿನ್ನಪ್ಪನ ಮೂರು ವರ್ಷ ಸುಳ್ಳಾಗುತ್ತದೆ. ಬಿಟ್ಟರೆ ಆ ಸುಳ್ಳಿನ ಕೆಳಗೆ ನನ್ನ ಮೊಮ್ಮಗಳು ಮಲಗುತ್ತಾಳೆ. ಎದ್ದು ಬೇರೆ ಕೋಣೆಗೆ ಹೋದರೂ ಪೆಟ್ಟಿಗೆ ಕಣ್ಣಲ್ಲೇ ಇರುತ್ತದೆ. ಅವರು ಮೋಸಗಾರರಲ್ಲ ಕಣೇ. ವಾಲಿದ್ದನ್ನು, ತಗ್ಗಿದ್ದನ್ನು ಹಾಗೇ ಬಿಟ್ಟು ಬರಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ. ಜನ ಹಾಗಂದಾಗ ನೀನಾದರೂ ಇದನ್ನು ಹೇಳು.

ಗಾರ್ಮ್ಲಿಗೂ ಇದನ್ನೇ ಬರೆದು ಹಾಕುತ್ತಿದ್ದೇನೆ.

ನಿನ್ನ ಅಮ್ಮ,
ಅಟ್ರಾಕ್ಟಾ

ಮರೆತ ಮಾತು: ಮರೆತದ್ದಲ್ಲ. ಕಲ್ಲು ಏಳಲ್ಲ, ಎಂಟು. ಮಂಗಳವಾರ ಕಂಡದ್ದೂ ಅಲ್ಲ, ಅವರು ಇಡುವುದನ್ನು ಇದೇ ಕಿಟಕಿಯಿಂದ ಮೂರು ವರ್ಷ ನೋಡಿದ್ದೇನೆ. ಎಂಟನೆಯದನ್ನು ಡಿಸೆಂಬರಿನಲ್ಲಿ ಇಟ್ಟವಳು ನಾನು. ಗಾರ್ಮ್ಲಿಯ ಮಾತು ಕೇಳಿದ ಮೇಲೆ, ಎಲ್ಲ ತಿಳಿದೇ. ಇವತ್ತು ಬೆಳಿಗ್ಗೆ ಪೆಟ್ಟಿಗೆ ಮತ್ತೆ ಗೋಡೆಗಿಂತ ತಗ್ಗಿದೆ. ಒಂಬತ್ತನೆಯ ಕಲ್ಲನ್ನು ಆರಿಸಿಯೂ ತಂದಿದ್ದೆ. ಕಾಗದ ಹಾರದಿರಲೆಂದು ಅದನ್ನೇ ಇದರ ಮೇಲಿಟ್ಟು ಬರೆಯುತ್ತಿದ್ದೇನೆ.