ಪ್ರಣೀತಾಳ ಬೇರೆ ತಟ್ಟೆ

ಗದಗ-ಬೆಟಗೇರಿ
ಕ್ರಿ.ಶ. ೨೩೧೨, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಶಶಿಕಲಾ ಅವ್ವನಿಗೆ,

ನನ್ನ ಕನ್ನಡ ನಿನ್ನ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಕಾಲದ ಮಾತನ್ನು ನಾನು ದನಿಕಾಳುಗಳಿಂದ ಕಲಿತವಳು. ಹಳೆಯ ಗೋಡೆಗಳು ಹೀರಿಕೊಂಡ ಸದ್ದನ್ನು ನಾವು ಎಳ್ಳಿನಷ್ಟು ಸಣ್ಣ ಹರಳುಗಳಲ್ಲಿ ತೆಗೆದಿಡುತ್ತೇವೆ. ಅವನ್ನೇ ದನಿಕಾಳು ಎನ್ನುತ್ತೇವೆ. ನಿನ್ನ ಅಡುಗೆಮನೆಯ ಹದಿನೇಳು ಕಾಳುಗಳು ನನ್ನ ಬಳಿ ಇವೆ.

ಇಲ್ಲಿ ಮಗು ಹುಟ್ಟಿದ ದಿನವೇ ಅದರ ರಕ್ತದಲ್ಲಿ ಹೆತ್ತವರಿಂದ ಇಳಿದುಬಂದ ಕೊಬ್ಬನ್ನು ಅಳೆಯುತ್ತಾರೆ. ಹೆಚ್ಚಿದ್ದರೆ ಮನೆಮಂದಿಯೆಲ್ಲ ಒಂದೇ ಅಡುಗೆ ಉಣ್ಣುತ್ತಾರೆ: ಜೋಳದ ರೊಟ್ಟಿ, ಮಡಕಿಕಾಳು, ಅಗಸಿ ಚಟ್ನಿ, ಹಿಡಿ ತುಂಬ ಹಸಿ ತೊಪ್ಪಲು. ಎಂಟು-ಹತ್ತು ವರ್ಷವಾದ ಮೇಲೆ ಔಷಧವೂ ಉಂಟು. ಮಗುವಿಗೆಂದು ಬೇರೆ ತಟ್ಟೆ ಇಡುವುದಿಲ್ಲ. ನಿನ್ನ ಮನೆಯಲ್ಲಿ, ಅದೇ ಕೊಬ್ಬಿರುವ ನಿನ್ನ ಮಗಳು ಪ್ರಣೀತಾಳ ಬೇರೆ ತಟ್ಟೆಯ ಸದ್ದು ದಿನವೂ ಕೇಳಿಸುತ್ತದೆ.

ಹತ್ತನೆಯ ಕಾಳಿನಲ್ಲಿ ಹದಿಮೂರರ ಪ್ರಣೀತಾ ಮೈನೆರೆದಿದ್ದಾಳೆ. ಓಣಿಯವರು ಅಂಟಿನ ಉಂಡಿ, ಕೊಬ್ಬರಿ, ತುಪ್ಪ ಹೊತ್ತು ಆರತಿಗೆ ಬಂದಿದ್ದಾರೆ. ನೀನು ಬಾಗಿಲಲ್ಲೇ ಡಬ್ಬಿಗಳನ್ನು ತಡೆಯುತ್ತೀಯೆ. ನಿನ್ನ ತಾಯಿ ಗುರುಬಸವ್ವ ರೇಗುತ್ತಾಳೆ: "ಹುಡುಗಿ ದೊಡ್ಡಾಕಿ ಆಗ್ಯಾಳ, ಒಂದು ಉಂಡಿ ತಿಂದ್ರ ಏನಾಗ್ತೈತಿ? ನಿನ್ನ ಡಾಕ್ಟರ್ ಬಂದು ನಾಳೆ ಇಕಿ ಬಾಣಂತನ ಮಾಡ್ತಾನೇನ?"

ತಿಂಗಳ ನಂತರ ರಕ್ತದ ವರದಿ ಬರುತ್ತದೆ. ಕೊಬ್ಬಿನ ಅಂಕಿ ಇಳಿದಿಲ್ಲ.

"ಖರೆ ಹೇಳು, ಕದ್ದು ಎಷ್ಟು ತಿಂದಿ?"

"ಒಂದೂ ಇಲ್ಲ ಮಮ್ಮಿ. ಆಯಿ ಕೊಟ್ಟಿದ್ದನ್ನೆಲ್ಲ ಆಕಳಿಗೆ ಹಾಕೀನಿ. ಬೇಕಾದ್ರ ಅದರ ರಕ್ತ ಚೆಕ್ ಮಾಡಸು."

ಆಯಿ ಗುರುಬಸವ್ವ ನಗುತ್ತಾಳೆ. ನೀನು ನಗುವುದಿಲ್ಲ. ಮರುದಿನದಿಂದ ತಟ್ಟೆಯಲ್ಲಿ ಶೇಂಗಾ ಚಟ್ನಿಯೂ ಇಲ್ಲ.

ಶಶಿಕಲಾ ಅವ್ವ, ಅವಳು ನಿಜ ಹೇಳಿದ್ದಳು. ಪಥ್ಯ ಬೇಕು, ಆದರೆ ಈ ರೋಗ ಪಥ್ಯವೊಂದಕ್ಕೇ ಬಗ್ಗುವುದಿಲ್ಲವೆಂದು ವೈದ್ಯರು ನಿನಗೆ ಹೇಳಿದ್ದರು. "ಇಷ್ಟು ಸಣ್ಣಾಕಿಗೆ ಜೀವನಪೂರ್ತಿ ಗುಳಿಗಿ ಯಾಕ, ಊಟದಾಗ ಇಳಸ್ತೀನಿ" ಎಂದು ನೀನು ಅವರು ಬರೆದುಕೊಟ್ಟ ಗುಳಿಗೆಯ ಚೀಟಿಯನ್ನು ಅಡುಗೆಮನೆಯ ಡಬ್ಬಿಯ ಕೆಳಗೆ ಇಟ್ಟೆ. ಪ್ರೀತಿಯಿಂದಲೇ ಇಟ್ಟೆ. ಅದಕ್ಕೇ ನನಗೆ ಸಿಟ್ಟು ಬರುವುದಿಲ್ಲ, ನಿದ್ದೆಯೂ ಬರುವುದಿಲ್ಲ.

ಮೂವತ್ತೊಂದನೆಯ ವಯಸ್ಸಿನಲ್ಲಿ ಪ್ರಣೀತಾ ಎದೆ ಹಿಡಿದುಕೊಂಡು ಅದೇ ಅಡುಗೆಮನೆಯಲ್ಲಿ ಕುಸಿದಳು, ಮತ್ತೆ ಏಳಲಿಲ್ಲ. ಅದು ಹದಿನೇಳನೆಯ ಕಾಳು. ಅದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಹಿನ್ನೆಲೆಯಲ್ಲಿ ಅವಳ ಎರಡು ವರ್ಷದ ಮಗು ಅಳುತ್ತದೆ. ಆ ಮಗುವಿನ ಪೀಳಿಗೆಯವಳು ನಾನು.

ಹಿಂದಿನ ಕಾಲಕ್ಕೆ ನಾವು ಕಳಿಸಿದ ಯಾವ ಕಾಗದಕ್ಕೂ ಈವರೆಗೆ ಉತ್ತರ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ. ಇದು ನಿನಗೆ ತಲುಪುವ ಹೊತ್ತಿಗೆ ಅವಳಿಗಿನ್ನೂ ಹದಿಮೂರು ಇರಲಿ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು, ಗುಳಿಗೆ ಶುರುಮಾಡಿಸು. ರಕ್ತಪರೀಕ್ಷೆಗೆ ನಿನ್ನ ತೋಳನ್ನೂ ಚಾಚು. ಇದು ಅವಳಿಗೆ ನಿನ್ನಿಂದಲೇ ಬಂದದ್ದು. ಹಾಗಾದರೆ ಅವಳ ಬದುಕು ಬೇರೆ ದಾರಿ ಹಿಡಿದು, ನಾನು ಹುಟ್ಟದೇ ಹೋಗಬಹುದು.

ಆದರೂ ಹೋಗು, ಅವ್ವ.

ಇಳೆ