ಕಿಸಾಕ್ಯೆ ಬರೆದ ಮಿಡತೆ ಹುರಿಯುವ ಬಗೆ

ಮಸಾಕ
ನವೆಂಬರ್ ೧೯

ಪ್ರೀತಿಯ ಅಕ್ಕ ಲೆವೊಕಾಟ,

ನಿನ್ನ ಮಂಡಿನೋವು ಹೇಗಿದೆ? ಎರಡು ತಿಂಗಳು ಬರೆಯಲಿಲ್ಲ ಅಂತ ಬೈಯಬೇಡ. ಇಲ್ಲಿ ಎಲ್ಲರೂ ಆರೋಗ್ಯ. ನನಗೆ ಮಾತ್ರ ಇವತ್ತು ದಿಗಿಲು ಹತ್ತಿದೆ.

ಕಿಸಾಕ್ಯೆಯ ಕ್ಲಾಸಿನ ಮಕ್ಕಳು ಸೇರಿ ಅಡುಗೆ ಪುಸ್ತಕ ಮಾಡುತ್ತಿದ್ದಾರೆ. ಒಬ್ಬೊಬ್ಬರದು ಮನೆಯ ಒಂದೊಂದು ಅಡುಗೆ. ಉಳಿದವರು ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಗೊಜ್ಜು ಅಂತ ಬರೆದರೆ ನಮ್ಮ ಮಹಾರಾಣಿ ಮಿಡತೆ ಹುರಿಯುವುದನ್ನು ಬರೆದಿದ್ದಾಳೆ. ರೆಕ್ಕೆ, ಕಾಲು ಕೀಳಬೇಕು, ಎಣ್ಣೆ ಹಾಕದೆ ಅದರ ಕೊಬ್ಬಿನಲ್ಲೇ ಹುರಿಯಬೇಕು, ಈರುಳ್ಳಿ ಕೊನೆಗೆ. ಒಂದೂ ತಪ್ಪಿಲ್ಲ.

ಟೀಚರ್ ಪ್ರಾಸ್ಕೋವಿಯಾ ನನ್ನನ್ನು ಕರೆಸಿ ನಕ್ಕರು. "ಏನಮ್ಮಾ, ನಿಮ್ಮ ಮನೆಯವ್ರು ಮಿಡತೆ ಕುಲದೋರಲ್ವಾ? ಅಪ್ಪನ ಕುಲದ್ದನ್ನ ಮಕ್ಕಳು ತಿಂದ್ರೆ ಮೈಯೆಲ್ಲ ಬೊಬ್ಬೆ ಏಳುತ್ತೆ ಅಂತ ನಮ್ಮಜ್ಜಿ ಹೆದರಿಸ್ತಿದ್ರು. ಇವಳು ನೋಡಿದ್ರೆ, 'ನಾನು ಬಟ್ಟಲುಗಟ್ಟಲೆ ತಿಂತೀನಿ, ನಂಗೇನೂ ಆಗಲ್ಲ ಅಂತ ಅಮ್ಮ ಹೇಳಿದ್ದಾಳೆ' ಅಂತ ಬರ್ದಿದ್ದಾಳೆ."

ನಾನೂ ನಕ್ಕೆ. ನಮ್ಮ ತವರಿನ ಕುಲ ಬೇರೆ, ನಾನು ತಿಂದರೆ ತಪ್ಪಲ್ಲ; ಮಿಡತೆ ಹಾರಿಬರುವ ಈ ತಿಂಗಳಲ್ಲಿ ಅದಿಲ್ಲದೆ ನನಗಾಗದು, ನಿನಗೆ ಗೊತ್ತಲ್ಲ. ಕಿಸಾಕ್ಯೆಯ ಅಪ್ಪ ಅಂಗಡಿಗೆ ಹೋದ ಮೇಲೆ ಬಾಗಿಲು ಹಾಕಿ ಹುರಿಯುತ್ತೇನೆ. ಮಗು ಕೈ ಚಾಚಿತು, ಕೊಟ್ಟೆ.

ಶುಕ್ರವಾರ ಪುಸ್ತಕವನ್ನು ಎಲ್ಲರೆದುರು ಓದುತ್ತಾರೆ. ಮಾವನವರೂ ಬರುತ್ತಾರೆ. ಕುಲದ ಹಿರಿಯರು ಅವರು, ಮಗುವಿಗೆ ತಿನ್ನಿಸಿದ್ದೇನೆ ಅಂತ ಕೇಳಿಸಿಕೊಂಡರೆ ನನ್ನನ್ನು ಈ ಮನೆಯಲ್ಲಿ ಇರಗೊಡುವುದಿಲ್ಲ. ಹಾಳೆ ತೆಗೆದುಬಿಡಿ ಅಂತ ಟೀಚರನ್ನು ಬೇಡಿಕೊಂಡೆ. "ತಿದ್ದೋದಿದ್ರೆ ತಿದ್ದಿ, ಅಪ್ಪನ ಸಹಿ ಹಾಕಿಸ್ಕೊಂಡು ಬರ್ಲಿ" ಅಂದು ಹಾಳೆಯನ್ನು ಮಗಳ ಕೈಗೇ ಕೊಟ್ಟರು. ಈಗ ಅದನ್ನು ಹಿಡಿದುಕೊಂಡು ಜಗಲಿಯಲ್ಲಿ ಅಪ್ಪನ ದಾರಿ ಕಾಯುತ್ತಿದ್ದಾಳೆ. ಇಲ್ಲಿ ಕೊಡೇ ಅಂದರೆ, "ಕೊಡಲ್ಲ, ನೀನು ಹರಿದು ಹಾಕ್ತೀಯ" ಅನ್ನುತ್ತಾಳೆ.

ದೇವರು ನಿನ್ನ ಕಾಲಿಗೆ ಬಲ ಕೊಡಲಿ. ನಿನ್ನ ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ,
ರೆಸ್ತಿತುತಾ

ಮತ್ತೆ: ಅಕ್ಕ, ಲಕೋಟೆ ಅಂಟಿಸುವ ಮೊದಲೇ ನಮ್ಮವರು ಬಂದರು. ಹಾಳೆಯನ್ನು ಎರಡು ಸಲ ಓದಿದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಚೆನ್ನಾಗಿ ಬರ್ದಿದ್ದೀಯ ಪುಟ್ಟಿ. 'ನಾನು ತಿಂತೀನಿ' ಅಂತಿದ್ಯಲ್ಲ, ಅಲ್ಲಿ 'ಅಮ್ಮ ತಿಂತಾಳೆ' ಅಂತ ಮಾಡು. 'ನಂಗೇನೂ ಆಗಲ್ಲ' ಅನ್ನೋ ಕೊನೇ ಸಾಲು ಬೇಡ. ತಾತ ಕೇಳಿಸ್ಕೊಳ್ತಾರೆ" ಅಂದು ಸಹಿ ಹಾಕಿದರು. ಮಗುವಿನ ಮೈಯಲ್ಲಿ ಬೊಬ್ಬೆ ಎದ್ದಿದೆಯಾ ಅಂತ ನೋಡಲೂ ಇಲ್ಲ. ಕಿಸಾಕ್ಯೆ ಅವರಿಗೆ ಹುಟ್ಟಿದವಳಲ್ಲ, ಅಕ್ಕ. ನಿನಗೂ ಹೇಳಿರಲಿಲ್ಲ. ಅವರ ಕುಲದವಳಲ್ಲವಲ್ಲ, ಏನೂ ಆಗದು ಅಂತಲೇ ತಿನ್ನಿಸಿದ್ದೆ. ಒಂಬತ್ತು ವರ್ಷ ಅವರಿಂದ ಬಚ್ಚಿಟ್ಟೆ ಅಂದುಕೊಂಡಿದ್ದೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಈಗ ಊಟಕ್ಕೆ ಕೂತು ಕರೆಯುತ್ತಿದ್ದಾರೆ, ನಾನಿನ್ನೂ ಇದನ್ನು ಬರೆಯುತ್ತಾ ಕೂತಿದ್ದೇನೆ.