ಯಜಮಾನಿಯ ಬಲಗಣ್ಣು

ಮಂಗಳವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ನಿನ್ನೆ ತಲುಪಿತು. ನಾನು ಬರೆದ ನಾಯಿಯ ಚಿತ್ರವನ್ನು ಊಟದ ಕೋಣೆಯ ಕಿಟಕಿಯ ಬಲಕ್ಕೆ ತೂಗುಹಾಕಿದ್ದೀಯೆಂದೂ, ಬೆಳಗಿನ ಬಿಸಿಲು ಬಿದ್ದಾಗ ನಾಯಿ ಈಗಷ್ಟೇ ಎದ್ದು ಕುಳಿತ ಹಾಗೆ ಕಾಣುತ್ತದೆಂದೂ ಬರೆದಿದ್ದೀಯ. ಬಿಸಿಲು ನೇರವಾಗಿ ಬೀಳುವುದಾದರೆ ಸ್ವಲ್ಪ ಒಳಕ್ಕೆ ಸರಿಸು. ಅಕ್ರಿಲಿಕ್ ಬಣ್ಣ ಬೇಗ ಮಾಸುವುದಿಲ್ಲ, ಆದರೆ ಮೇಲೆ ಹಚ್ಚಿದ ವಾರ್ನಿಷ್ ಅಗ್ಗದ್ದು.

ಕಿಟಕಿಯ ಎಡಕ್ಕೂ ಜೋಡಿಯಾಗಿ ಒಂದು ಬೇಕು, ಅದೇ ನಾಯಿ ಆ ಕಡೆಯಿಂದ ಈ ಕಡೆಗೆ ನೋಡುತ್ತಿರಲಿ ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯಲು ಕುಳಿತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ನೀನು ಫೋನನ್ನು ಭಾವನ ಕೈಗೆ ತುರುಕುತ್ತೀ. ಪಾಪ, ಅವರು ನಿಮ್ಮ ಕಡೆಯ ಸೆಖೆಯ ವರದಿ ಒಪ್ಪಿಸುತ್ತಾರೆ. ಕಾಗದದ ಮೇಲೆ ನಾವು ಒಳ್ಳೆಯ ಅಕ್ಕತಂಗಿಯರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ನಾಯಿ ಇನ್ನೂ ಇಲ್ಲೇ ಇದೆ. ಶನಿವಾರದವರೆಗೆ ಇರುತ್ತದೆ.

ನಮ್ಮ ಈ ನಾಯಿಗಳ ಆಶ್ರಯಕ್ಕೆ ನೀನು ಬಂದಾಗ ಚಿತ್ರಗಳಿದ್ದ ಮುಂದಿನ ಕೋಣೆಯನ್ನಷ್ಟೇ ನೋಡಿ ಹೋದೆ. ಅದರ ಹಿಂದೆ ಉದ್ದನೆಯ ಶೆಡ್ ಇದೆ. ಎರಡು ಸಾಲು ಪಂಜರ, ನಡುವೆ ಚರಂಡಿ, ಯಾವ ಹೊತ್ತಿಗೆ ಹೋದರೂ ಫಿನೈಲಿನ ವಾಸನೆ. ಬೀದಿಯಲ್ಲಿ ಸಿಕ್ಕ ನಾಯಿಗಳು, ಮನೆಯವರೇ ಬೇಡವೆಂದು ತಂದುಬಿಟ್ಟ ನಾಯಿಗಳು ಅಲ್ಲಿರುತ್ತವೆ. ಹೊಸವು ಬರುತ್ತಲೇ ಇರುತ್ತವೆ, ಪಂಜರಗಳು ಹೆಚ್ಚುವುದಿಲ್ಲ. ಹಾಗಾಗಿ ಬಹಳ ಕಾಲದಿಂದ ಇದ್ದು ಯಾರೂ ಕೇಳದ ನಾಯಿಯ ಪಂಜರಕ್ಕೆ ಡಾಕ್ಟರು ಒಂದು ನೀಲಿ ಬಟ್ಟೆಯ ಚೂರು ಕಟ್ಟುತ್ತಾರೆ. ಕಟ್ಟಿದ ಮೇಲೆ ಅದಕ್ಕೆ ಸಿಗುವುದು ಆ ತಿಂಗಳು ಮಾತ್ರ. ಕೊನೆಯ ಶನಿವಾರ ಅವರು ಸೂಜಿಯ ಚೀಲ ಹಿಡಿದು ಬರುತ್ತಾರೆ. ಕೆಟ್ಟ ಮನುಷ್ಯರಲ್ಲ. ಆ ದಿನ ಕೊಟ್ಟ ಚಹಾ ಮುಟ್ಟುವುದಿಲ್ಲ.

ನಮ್ಮ ಕೆಲಸ ಆ ತಿಂಗಳಿನೊಳಗಿನದು. ನಾನೂ ಚಾಕು ಮೇಷ್ಟ್ರೂ ನೀಲಿ ಬಟ್ಟೆ ಕಟ್ಟಿದ ಪಂಜರಗಳ ಮುಂದೆ ಸ್ಟೂಲ್ ಹಾಕಿಕೊಂಡು ಚಿತ್ರ ಬರೆಯುತ್ತೇವೆ. ಚಿತ್ರ ಮುಂದಿನ ಕೋಣೆಯ ಗೋಡೆಗೆ ಹೋಗುತ್ತದೆ. ನೋಡಿದವರಿಗೆ ಮನಸ್ಸು ಬಂದು ನಾಯಿಯನ್ನು ಮನೆಗೆ ಕರೆದೊಯ್ಯಲಿ ಎಂಬುದು ಉದ್ದೇಶ. ಕರೆದೊಯ್ದವರಿಗೆ ಚಿತ್ರ ಉಡುಗೊರೆ. ಎಣ್ಣೆಬಣ್ಣ ಒಣಗುವಷ್ಟರಲ್ಲಿ ಶನಿವಾರ ಬಂದುಬಿಡುತ್ತದೆ. ಆದ್ದರಿಂದ ಇಲ್ಲಿ ಅಕ್ರಿಲಿಕ್ ಬಿಟ್ಟು ಬೇರೆ ಮಾತಿಲ್ಲ.

ಚಾಕು ಮೇಷ್ಟ್ರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಬ್ರಷ್ ಮುಟ್ಟುವುದಿಲ್ಲ, ಬೆಣ್ಣೆ ಸವರುವಂಥ ಚಾಕುವಿನಲ್ಲಿ ಬಣ್ಣ ಮೆತ್ತುತ್ತಾರೆ. ಅವರ ನಾಯಿಗಳು ನೇರಳೆ, ಹಸಿರು, ಕೆಲವೊಮ್ಮೆ ಬೆಂಕಿಯ ಬಣ್ಣ. ಶೆಡ್ ತೊಳೆಯುವ ಹೆಂಗಸನ್ನು ನಾವೆಲ್ಲ ದೊಡ್ಡಮ್ಮ ಅನ್ನುತ್ತೇವೆ. ಅವಳು ಒಮ್ಮೆ, “ಸಾರ್, ಈ ನಾಯಿಗೆ ಮೈಯೆಲ್ಲ ಯಾಕೆ ನೀಲಿ?” ಎಂದಳು. ಮೇಷ್ಟ್ರು, “ಅದು ಅದರ ದುಃಖ ಕಣಮ್ಮ” ಎಂದರು. “ದುಃಖ ಇರಲಿ ಬಿಡಿ, ಬಂದೋರು ಗುರುತು ಹಿಡಿಯೋದು ಹೇಗೆ? ದುಃಖ ಅಂತ ಕೂಗಿದ್ರೆ ಬಾಲ ಆಡಿಸುತ್ತಾ?” ಎಂದಳು. ಮೇಷ್ಟ್ರು ಒಂದು ವಾರ ಅವಳೊಂದಿಗೆ ಮಾತು ಬಿಟ್ಟಿದ್ದರು.

ಅವರ ಚಿತ್ರಗಳನ್ನು ಯಾರೂ ಕೇಳುವುದಿಲ್ಲ. ಆದರೆ ಅಕ್ಕ, ಅವರ ನಾಯಿಗಳನ್ನು ಜನ ಕರೆದೊಯ್ಯುತ್ತಾರೆ. ಇದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಜನ ಆ ಚಿತ್ರದ ಮುಂದೆ ನಿಂತು, ಇದು ಯಾವ ಪ್ರಾಣಿ ಎಂದು ನಗುತ್ತಾರೆ. ನೋಡೇಬಿಡೋಣ ಎಂದು ಶೆಡ್ಡಿಗೆ ಹೋಗುತ್ತಾರೆ. ಅಲ್ಲಿ ಒಂದು ಸಾಮಾನ್ಯ ಕಂದು ನಾಯಿ ಎದ್ದುನಿಂತು ಬಾಲ ಆಡಿಸುತ್ತದೆ. ಚಿತ್ರಕ್ಕಿಂತ ನಾಯಿ ಎಷ್ಟೋ ವಾಸಿ. ಅಷ್ಟು ಸಾಕು.

ನನ್ನ ಚಿತ್ರಗಳದು ಬೇರೆ ಕಥೆ. ಮೊದಲು ಕಡುಗಂದು ತಳಬಣ್ಣ, ಅದರ ಮೇಲೆ ತೆಳುವಾಗಿ ಪದರ ಪದರ, ಕೂದಲಿಗೆ ಸವೆದು ಸೀಳಿದ ಹಳೆಯ ಬ್ರಷ್ಷನ್ನು ಒಣಗಿದ್ದ ಹಾಗೆಯೇ ಎಳೆಯುವುದು, ಕಣ್ಣು ಎಲ್ಲಕ್ಕಿಂತ ಕೊನೆಗೆ. ಜನ ನಿಂತು ನೋಡುತ್ತಾರೆ, ಕೈ ಚಾಚಿ ಮುಟ್ಟುತ್ತಾರೆ. ಆಮೇಲೆ ಶೆಡ್ಡಿಗೆ ಹೋಗಿ ನಿಜವಾದದ್ದನ್ನು ನೋಡುತ್ತಾರೆ. ಅದಕ್ಕೆ ಕಜ್ಜಿ ಇರುತ್ತದೆ, ಬಾಯಿ ನಾರುತ್ತದೆ, ಹೆದರಿ ಮೂಲೆಗೆ ಹೋಗಿ ಮೂತ್ರ ಮಾಡುತ್ತದೆ. ತಿರುಗಿ ಬರುತ್ತಾರೆ. ಕಳೆದ ವರ್ಷ ಮೇಲ್ವಿಚಾರಕರು ನಿಯಮ ಬದಲಿಸಿದರು: ಚಿತ್ರ ಮಾತ್ರ ಬೇಕೆಂದವರಿಗೆ ಚಿತ್ರವನ್ನೇ ಮಾರೋಣ, ಉಳಿದ ನಾಯಿಗಳ ಊಟಕ್ಕಾಗುತ್ತದೆ. ಅಂದಿನಿಂದ ನನ್ನ ಗೋಡೆ ಖಾಲಿಯಾಗುತ್ತಲೇ ಇರುತ್ತದೆ. ನನಗೆ ಹೆಮ್ಮೆಯೇ ಆಗಿತ್ತು. ಒಂದು ದಿನ ದೊಡ್ಡಮ್ಮ ಬಕೆಟ್ ಕೆಳಗಿಟ್ಟು, “ನಿನ್ನ ಕೈಗುಣ ಭಾರಿ ಒಳ್ಳೇದು ತಾಯಿ. ನೀನು ಬರೆದ ನಾಯಿಗಳೆಲ್ಲ ಒಳ್ಳೊಳ್ಳೆ ಮನೆ ಸೇರ್ತಾವೆ, ಚೌಕಟ್ಟಿನ ಸಮೇತ” ಎಂದಳು. ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಮನೆಗೆ ಬಂದ ಮೇಲೆ, ಆ ಚೌಕಟ್ಟುಗಳೊಳಗಿನ ನಾಯಿಗಳಲ್ಲಿ ಎಷ್ಟು ಬದುಕಿವೆ ಎಂದು ಎಣಿಸಲು ಕುಳಿತೆ.

ಈಗ ನಿನ್ನ ನಾಯಿಯ ವಿಷಯ. ಅವಳ ಹೆಸರು ಯಜಮಾನಿ. ದೊಡ್ಡಮ್ಮ ಇಟ್ಟದ್ದು. ಊಟದ ತಟ್ಟೆ ಬಂದಾಗ ಉಳಿದವು ಕಿತ್ತಾಡುತ್ತವೆ. ಇವಳು ಕುಳಿತು, ಎಲ್ಲರದೂ ಆಯಿತೇ ಎಂದು ಸಾಲನ್ನೊಮ್ಮೆ ನೋಡಿ ಆಮೇಲೆ ಬಾಯಿ ಹಾಕುತ್ತಾಳೆ. ವಯಸ್ಸಾಗಿದೆ. ಬೊಗಳುವುದನ್ನು ನಾನು ಕೇಳಿಲ್ಲ. ಬಲಗಣ್ಣಿಗೆ ಬಿಳಿ ಪೊರೆ ಬಂದು ಪೂರ್ತಿ ಮುಚ್ಚಿಹೋಗಿದೆ. ಒಲೆಯ ಮೇಲಿನ ಹಾಲಿಗೆ ಕೆನೆ ಕಟ್ಟಿದ ಹಾಗೆ.

ಮೊದಲು ಆ ಕಣ್ಣನ್ನು ಇದ್ದ ಹಾಗೆಯೇ ಬರೆದೆ. ಬಿಳಿಗೆ ಚೂರು ನೀಲಿ, ಚೂರು ಬೂದು. ಒಣಗಿದಾಗ ಅಕ್ರಿಲಿಕ್ ಒಂದು ಛಾಯೆ ಕಪ್ಪಾಗುತ್ತದೆ. ಕಣ್ಣು ಇನ್ನೂ ಸತ್ತಂತೆ ಕಂಡಿತು. ಎದ್ದು ದೂರ ಹೋಗಿ ನಿಂತು ನೋಡಿದೆ. ಯಾರೂ ಇದರ ಮುಂದೆ ನಿಲ್ಲುವುದಿಲ್ಲ ಎನ್ನಿಸಿತು. ಅದರ ಮೇಲೆ ಕಂದು ಹಚ್ಚಿದೆ, ಎಡಗಣ್ಣಿನದೇ ಕಂದು. ಒಣಗಲು ಎಷ್ಟು ಹೊತ್ತು, ಒಂದು ಲೋಟ ಚಹಾ ಮುಗಿಯುವಷ್ಟು. ಆಮೇಲೆ ಒಂದು ಬಿಳಿ ಚುಕ್ಕೆ. ಯಜಮಾನಿ ಎರಡೂ ಕಣ್ಣಿನಿಂದ ನನ್ನನ್ನು ನೋಡಿದಳು. ಇದಕ್ಕಿಂತ ಒಳ್ಳೆಯ ಕಣ್ಣನ್ನು ನಾನು ಬರೆದಿಲ್ಲ.

ಆಗ ನನ್ನ ಮನಸ್ಸಿನಲ್ಲಿದ್ದವಳು ನೀನು. ನೀನು ಬರುವ ದಿನ ಗೊತ್ತಿತ್ತು. ನಿಮ್ಮ ಹಿತ್ತಲು, ಹಿಂಬಾಗಿಲ ಮೆಟ್ಟಿಲು, ಅಲ್ಲಿ ಬೀಳುವ ಬಿಸಿಲು ಎಲ್ಲ ಗೊತ್ತಿತ್ತು. ಚಿತ್ರವನ್ನು ಬಾಗಿಲಿಗೆ ಎದುರಾಗಿ ನಾನೇ ಹಾಕಿದೆ. ನೀನು ಒಳಗೆ ಬಂದವಳು ಬೇರೆ ಯಾವುದನ್ನೂ ನೋಡಲಿಲ್ಲ. “ಇದರ ಮುಖ ನೋಡಿದ್ರೆ ಯಾರೋ ನಮ್ಮ ಮನೆಯವರ ಥರ ಇದೆ ಕಣೇ” ಎಂದೆ. ನಾನು ಒಳಗೊಳಗೇ, ಯಜಮಾನಿ ಬದುಕಿಕೊಂಡಳು ಎಂದುಕೊಂಡೆ.

ನೀನು ಮುಂದಿನ ಕೋಣೆಯನ್ನಷ್ಟೇ ನೋಡಿದೆ ಎಂದು ಮೇಲೆ ಬರೆದೆನಲ್ಲ. ಹಾಗಲ್ಲವೆಂದು ನನಗೆ ಗೊತ್ತು. ನಾನು ಇನ್ನೊಬ್ಬರ ಚಿತ್ರ ಕಟ್ಟಿಕೊಡುತ್ತಿದ್ದಾಗ ನೀನು ದೊಡ್ಡಮ್ಮನ ಹಿಂದೆ ಶೆಡ್ಡಿಗೆ ಹೋಗಿದ್ದೆ. ಅವಳೇ ಹೇಳಿದಳು. ಯಜಮಾನಿ ಸರಳುಗಳ ಬಳಿಗೆ ಬಂದು, ಕಾಣುವ ಕಣ್ಣಿನಿಂದ ನಿನ್ನನ್ನು ನೋಡಲು ತಲೆಯನ್ನು ಓರೆ ಮಾಡಿದಳಂತೆ. ನೀನು ಹಿಂದೆ ಸರಿದೆಯಂತೆ. “ಇದಲ್ಲಮ್ಮ, ಚಿತ್ರದಲ್ಲಿರೋದನ್ನ ತೋರಿಸಿ” ಎಂದೆಯಂತೆ. “ಇದೇ ಅದು” ಎಂದಳಂತೆ. “ಅದಕ್ಕೆ ಎರಡೂ ಕಣ್ಣಿದೆಯಲ್ಲ?” “ಒಂದು ದೇವರು ಕೊಟ್ಟಿದ್ದು. ಇನ್ನೊಂದು ನಿಮ್ಮ ತಂಗಿ ಕೊಟ್ಟಿದ್ದು.”

ನೀನು ವಾಪಸು ಬಂದು ಚಿತ್ರ ಕಟ್ಟಿಸಿಕೊಂಡೆ. ನನ್ನ ಕೆನ್ನೆ ಹಿಂಡಿ, “ಭಾರಿ ಬರೀತೀಯ ಕಣೇ ಬಣ್ಣಗೇಡಿ” ಎಂದು ಹೋದೆ. ಶೆಡ್ಡಿನ ವಿಷಯ ನೀನು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ನಿನ್ನ ಮೇಲೆ ಕೋಪವಿಲ್ಲ. ಇದ್ದದ್ದು ಇದ್ದ ಹಾಗೆ ಬರೆದಿದ್ದರೆ ನೀನು ಮೊದಲೇ ಆ ಕಣ್ಣನ್ನು ಕಂಡು, ಅದಕ್ಕೆ ಹೊಂದಿಕೊಂಡು, ಆಮೇಲೆ ಶೆಡ್ಡಿಗೆ ಹೋಗುತ್ತಿದ್ದೆಯೋ ಏನೋ. ನಾನು ನಿನಗೆ ಒಂದು ನಾಯಿ ತೋರಿಸಿ ಇನ್ನೊಂದನ್ನು ಮುಂದಿಟ್ಟೆ. ಮೇಷ್ಟ್ರು ಬರೆದಿದ್ದರೆ ಅವಳು ಇಷ್ಟು ಹೊತ್ತಿಗೆ ಯಾರದೋ ಮೆಟ್ಟಿಲ ಮೇಲಿರುತ್ತಿದ್ದಳು.

ಜೋಡಿ ಚಿತ್ರ ಆಗುವುದಿಲ್ಲ ಅಕ್ಕ. ಮುಖವನ್ನು ಈ ಕಡೆಗೆ ತಿರುಗಿಸಿದರೆ ಮುಂದೆ ಬರುವುದು ಬಲಗಣ್ಣು. ಅದನ್ನು ಇನ್ನೊಮ್ಮೆ ಕಂದು ಮಾಡಲು ನನ್ನ ಕೈ ಏಳುತ್ತಿಲ್ಲ.

ಅವಳನ್ನು ನನ್ನ ಹತ್ತಿರವೇ ಇಟ್ಟುಕೊಳ್ಳಬಾರದೇ ಎಂದು ನೀನು ಕೇಳುತ್ತೀ. ನನ್ನ ಕೋಣೆ ನೋಡಿದ್ದೀಯಲ್ಲ, ಮಂಚಕ್ಕೂ ಕ್ಯಾನ್ವಾಸಿಗೂ ನಡುವೆ ಓರೆಯಾಗಿ ನಡೆಯಬೇಕು. ಆದರೂ ಮನೆಯೊಡೆಯನನ್ನು ಕೇಳಿದೆ. “ಒಂದೋ ನಾಯಿ, ಒಂದೋ ನೀವು. ಇಬ್ಬರಿಗೂ ಬಾಡಿಗೆಗೆ ಕೊಟ್ಟಿಲ್ಲ” ಎಂದ. ಮೇಷ್ಟ್ರ ಮನೆಯಲ್ಲಿ ಈಗಾಗಲೇ ಮೂರು ನಾಯಿಗಳಿವೆ, ಅವರ ಹೆಂಡತಿ ಮಗನ ಮನೆಗೆ ಹೋಗಿ ಕುಳಿತಿದ್ದಾರೆ. ದೊಡ್ಡಮ್ಮನಿಗೆ ತನಗೇ ಸರಿಯಾದ ಸೂರಿಲ್ಲ.

ಅಮ್ಮನ ಕೊನೆಯ ವರ್ಷಗಳು ನಿನ್ನ ಕೈಯಲ್ಲೇ ಕಳೆದವು. ಎಲ್ಲ ಮುಗಿದ ದಿನ ನೀನು ಆ ಹಾಸಿಗೆ ಮಡಚುತ್ತಾ, “ಇನ್ನೊಂದು ಜೀವ ಕಣ್ಣೆದುರು ಕರಗೋದನ್ನ ನನ್ನ ಕೈಲಿ ನೋಡೋಕಾಗಲ್ಲ, ಯಾರೂ ನನ್ನನ್ನ ಕೇಳಬೇಡಿ” ಎಂದಿದ್ದೆ. ಆ ಮಾತು ನೆನಪಿದೆ. ನೆನಪಿಟ್ಟುಕೊಂಡೇ ಕೇಳುತ್ತಿದ್ದೇನೆ.

ಅವಳಿಗೆ ಹೆಚ್ಚೆಂದರೆ ಒಂದು ವರ್ಷವಿದೆ. ಬೇಕಾದದ್ದು ಒಂದು ಮೆಟ್ಟಿಲು, ಒಂದು ಹಳೆಯ ಚಾದರ, ಎರಡು ಹೊತ್ತಿನ ಊಟ. ಬಲಗಡೆಯಿಂದ ಹೋಗಿ ಮುಟ್ಟಬೇಡಿ ಎಂದು ಮನೆಯವರಿಗೆಲ್ಲ ಹೇಳಿಟ್ಟರೆ ಸಾಕು, ಆ ಕಡೆ ಕಾಣದ್ದರಿಂದ ಬೆಚ್ಚುತ್ತಾಳೆ. ಕರೆತರುವುದು, ಡಾಕ್ಟರಿಗೆ ತೋರಿಸುವುದು, ಕೊನೆಗೆ ಮಣ್ಣು ಮಾಡುವುದು ಎಲ್ಲ ನನಗಿರಲಿ. ನಿನ್ನ ಹಿತ್ತಲನ್ನು ಮಾತ್ರ ಕೇಳುತ್ತಿದ್ದೇನೆ. ಈ ಪತ್ರ ನಾಳೆ ಬೆಳಿಗ್ಗೆ ಹಾಕಿದರೆ ಶುಕ್ರವಾರ ನಿನ್ನ ಕೈಸೇರುತ್ತದೆ. ಆಗಲಿ ಅನ್ನುವುದಾದರೆ ಫೋನ್ ಮಾಡು, ಆ ಒಂದು ಪದ ಹೇಳಿ ಇಟ್ಟುಬಿಡು, ಜಗಳಕ್ಕೆ ಅವಕಾಶವೇ ಬೇಡ.

ಭಾವನಿಗೆ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ, ಬರೆಯಲಿಲ್ಲ.

ನಿನ್ನ ಪ್ರೀತಿಯ ತಂಗಿ,
ಬಣ್ಣಗೇಡಿ

ತಾ. ಕ.

ಇದು ಭಾನುವಾರ ಬರೆಯುತ್ತಿರುವುದು. ಮೇಲಿನ ಪತ್ರವನ್ನು ನಾನು ಅಂಚೆಗೆ ಹಾಕಲಿಲ್ಲ.

ಬುಧವಾರ ಬೆಳಿಗ್ಗೆ ಅಂಚೆ ಡಬ್ಬಿಯವರೆಗೆ ಹೋಗಿ ಅರ್ಧ ಒಳಗೆ ತೂರಿಸಿ ಹೊರಗೆ ಎಳೆದುಕೊಂಡೆ. ಶುಕ್ರವಾರ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕತ್ತಲಾಗುವವರೆಗೆ ಕುಳಿತಿದ್ದೆ. ನಿನ್ನೆ ಶೆಡ್ಡಿನಲ್ಲಿದ್ದೆ. ಯಜಮಾನಿಯ ತಲೆ ನನ್ನ ತೊಡೆಯ ಮೇಲಿತ್ತು. ಡಾಕ್ಟರು ಅವಳ ಬಲಗಡೆಯಿಂದ ಬಂದರು. ದೊಡ್ಡಮ್ಮ ಚರಂಡಿಗೆ ನೀರು ಬಿಟ್ಟುಕೊಂಡು, ನಮ್ಮ ಕಡೆ ತಿರುಗದೆ ನೆಲ ಉಜ್ಜುತ್ತಲೇ ಇದ್ದಳು.

ನೀನು ಆಗುವುದಿಲ್ಲ ಎಂದಿದ್ದರೆ ಅದರಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ಅದು ನನಗೆ ಗೊತ್ತು. ಆದರೂ ಆಮೇಲೆ ನಿನ್ನನ್ನು ಮೊದಲಿನ ಹಾಗೆ ಅಕ್ಕಾ ಎಂದು ಕರೆಯಲು ನನ್ನಿಂದ ಆಗುತ್ತಿರಲಿಲ್ಲ. ಅಮ್ಮನೂ ಹೋದ ಮೇಲೆ ನನಗೆ ಉಳಿದಿರುವವಳು ನೀನೊಬ್ಬಳೇ. ಕೇಳಿದರೆ ಇಬ್ಬರನ್ನೂ ಕಳೆದುಕೊಳ್ಳುತ್ತೇನೇನೋ ಎಂದು ಹೆದರಿದೆ. ಕೇಳದೆ ಒಬ್ಬಳನ್ನು ಉಳಿಸಿಕೊಂಡೆ.

ಇದನ್ನು ಹರಿದುಹಾಕಿ, ಜೋಡಿ ಚಿತ್ರಕ್ಕೆ ಪುರುಸೊತ್ತಿಲ್ಲವೆಂದು ಎರಡು ಸಾಲು ಬರೆಯಬಹುದಿತ್ತು. ಆದರೆ ನಾಯಿ ಏನಾಯಿತೆಂದು ನಿನಗೆ ಯಾವತ್ತಾದರೂ ಗೊತ್ತಾಗುತ್ತದೆ. ಆಗ ನೀನು ಆ ಚಿತ್ರದ ಮುಂದೆ ನಿಂತು, ನಾನು ಒಲ್ಲೆನೆಂದೆ ಎಂದುಕೊಳ್ಳಬಾರದು. ನೀನು ಒಲ್ಲೆ ಅನ್ನಲಿಲ್ಲ. ನಿನ್ನನ್ನು ಯಾರೂ ಕೇಳಲಿಲ್ಲ.

ಉತ್ತರ ಬರೆ. ಮಂಡಿಯ ವಿಷಯ ಬರೆ, ಭಾವನ ವಿಷಯ ಬರೆ, ನನ್ನನ್ನು ಬೈದಾದರೂ ಬರೆ. ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ ಎಂಬುದನ್ನು ಮಾತ್ರ ಬರೆಯಬೇಡ.